ಸಂಪಾದಕರ ಉತ್ತರ: ನೆರಳಿಗೆ ಜೈಲಾಗುತ್ತದೆಯೇ?

ಅಕ್ಕೋರೆ, ನಮಸ್ಕಾರ.

ನಿಮ್ಮ ಪತ್ರ ಬಂದು ಮೂರು ವಾರವಾಯಿತು. ಎರಡು ಸಾಲಿನಲ್ಲಿ ಮುಗಿಸುವ ಉತ್ತರ ಇದಲ್ಲ ಅನ್ನಿಸಿ ತಡಮಾಡಿದೆ, ಕ್ಷಮಿಸಿ. ಶಾಲೆಯಿಂದ ನಿವೃತ್ತರಾಗಿ ಎಷ್ಟೋ ವರ್ಷವಾದರೂ ಊರಿನವರು ಈಗಲೂ ಅಕ್ಕೋರೆ ಎಂದೇ ಕರೆಯುತ್ತಾರೆಂದು ಬರೆದಿದ್ದೀರಿ. ನಾನೂ ಹಾಗೇ ಕರೆಯುತ್ತೇನೆ.

ಉಳಿದ ಓದುಗರಿಗಾಗಿ ಪತ್ರದ ಸಾರ ಇಷ್ಟು. ನಮ್ಮ ಅಕ್ಟೋಬರ್ ಸಂಚಿಕೆಯಲ್ಲಿ ಗಾಂಧೀಜಿಯ ಬಗ್ಗೆ ಹನ್ನೆರಡು ಪುಟ ಇತ್ತು. ಕಸ್ತೂರಬಾ ಬಗ್ಗೆ ಇದ್ದದ್ದು ಚಿತ್ರದ ಕೆಳಗಿನ ಒಂದು ಸಾಲು: 'ಅಕ್ಷರ ಬಾರದಿದ್ದರೂ ಗಾಂಧೀಜಿಯ ನೆರಳಾಗಿ ಬಾಳಿದ ಸಾಧ್ವಿ.' ಶಾಲೆಯಲ್ಲಿ ಕಸ್ತೂರಬಾ ಬಗ್ಗೆ ಐದು ನಿಮಿಷ ಮಾತಾಡಬೇಕಿದ್ದ ನಿಮ್ಮ ಮೊಮ್ಮಗಳು ಅದನ್ನು ಓದಿ, "ಅಜ್ಜಿ, ಹಾಗಾದರೆ ಅವರು ಏನೂ ಮಾಡಲಿಲ್ಲವಾ?" ಎಂದಳಂತೆ. ನೀವು ನಮ್ಮನ್ನು ಕೇಳಿದಿರಿ: "ನೆರಳಿಗೆ ಜೈಲಾಗುತ್ತದೆಯೇ, ಸಂಪಾದಕರೇ?" ಅದರ ಜೊತೆಗೆ ಇನ್ನೊಂದು ಪ್ರಶ್ನೆ. ದಕ್ಷಿಣ ಆಫ್ರಿಕಾದ ಡರ್ಬಾನಿನ ಮನೆಯಲ್ಲಿ ಗಾಂಧೀಜಿ ಹೆಂಡತಿಯನ್ನು ಗೇಟಿನವರೆಗೆ ಎಳೆದೊಯ್ದ ಪ್ರಸಂಗವನ್ನು ಮಕ್ಕಳಿಗೆ ಹೇಳಬಹುದೇ, ಹೇಳಿದರೆ ಗಾಂಧೀಜಿ ಸಣ್ಣವರಾಗುವುದಿಲ್ಲವೇ ಎಂದು.

ಆ ಸಾಲು ಬರೆದವನು ನಾನೇ. ಅದರಲ್ಲಿ ಎರಡು ತಪ್ಪಿವೆ. ಅಕ್ಷರ ಬಾರದವರು ಎಂಬುದು ಮೊದಲನೆಯದು. ಕಸ್ತೂರಬಾ ಶಾಲೆಗೆ ಹೋದವರಲ್ಲ, ಆದರೆ ಗುಜರಾತಿ ಓದುತ್ತಿದ್ದರು, ತಡವರಿಸಿಕೊಂಡಾದರೂ ಬರೆಯುತ್ತಿದ್ದರು. ಅವರ ಕೈಬರಹದ 1933ರ ದಿನಚರಿಯೊಂದು ಈಚೆಗೆ ಸಿಕ್ಕಿ ಪ್ರಕಟವೂ ಆಗಿದೆ. ಎರಡನೆಯದು 'ನೆರಳು' ಎಂಬ ಮಾತು. ಅದನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ಯಾಕೆ ಎಂಬುದನ್ನು ವಿವರವಾಗಿ ಹೇಳಬೇಕು.

ನೆರಳು ಎದುರಾಡುವುದಿಲ್ಲ. ಕಸ್ತೂರಬಾ ಮದುವೆಯಾದ ಹೊಸತರಿಂದಲೂ ಎದುರಾಡಿದವರು. ಪೋರಬಂದರಿನ ವ್ಯಾಪಾರಿ ಗೋಕುಲದಾಸ್ ಮಕನ್‌ಜಿ ಕಪಾಡಿಯಾ ಅವರ ಮಗಳು, ಹುಟ್ಟಿದ್ದು 1869ರ ಏಪ್ರಿಲ್‌ನಲ್ಲಿ. ಅಂದರೆ ಗಂಡನಿಗಿಂತ ಕೆಲವು ತಿಂಗಳು ದೊಡ್ಡವರು. ಹದಿಮೂರರ ಆಸುಪಾಸಿನಲ್ಲಿ ಮದುವೆಯಾದಾಗ, ತನ್ನ ಅಪ್ಪಣೆಯಿಲ್ಲದೆ ಹೊಸಿಲು ದಾಟಕೂಡದೆಂದು ಬಾಲಕ ಗಂಡ ಕಟ್ಟಳೆ ಹಾಕಿದ. ಹುಡುಗಿ ದೇವಸ್ಥಾನಕ್ಕೂ ಗೆಳತಿಯರ ಮನೆಗೂ ತನಗೆ ಬೇಕಾದಾಗೆಲ್ಲ ಹೋಗಿಬಂದಳು. ಕಟ್ಟಿಹಾಕಿದಷ್ಟೂ ಹೆಚ್ಚು ಹೋದಳು. ಇದನ್ನು ಬರೆದಿಟ್ಟವರು ಗಾಂಧೀಜಿಯೇ.

ಇಲ್ಲಿ ಒಂದು ಮಾತು ಗಮನಿಸಿ, ಅಕ್ಕೋರೆ. ಕಸ್ತೂರಬಾ ಆಡಿದ ಮಾತುಗಳು ಬಹುಪಾಲು ನಮಗೆ ಸಿಕ್ಕಿರುವುದು ಗಂಡನ ಬರವಣಿಗೆಯಲ್ಲಿ. ಆತ್ಮಕಥೆಯಲ್ಲಿ ತಾನು ಸೋತ ಜಗಳಗಳನ್ನೂ ಅವರು ಮುಚ್ಚಿಡಲಿಲ್ಲ. ಹೆಂಡತಿಯ ಉತ್ತರವನ್ನು ಅದರ ಖಾರ ಸಮೇತ ಬರೆದರು. ನಾವು ಓದುಗರು ಮಾತ್ರ ಆ ಪುಟಗಳಲ್ಲಿ ಗಾಂಧೀಜಿಯ ಪಶ್ಚಾತ್ತಾಪವನ್ನು ಮೆಚ್ಚಿ, ಆ ಹೆಂಗಸಿನ ಮಾತನ್ನು ದಾಟಿ ಮುಂದೆ ಹೋಗಿಬಿಡುತ್ತೇವೆ. ನಾನು ಮಾಡಿದ್ದೂ ಅದನ್ನೇ.

ಡರ್ಬಾನಿನ ಪ್ರಸಂಗಕ್ಕೆ ಬರುತ್ತೇನೆ. 1898ರ ಸುಮಾರು. ಗಾಂಧೀಜಿ ಆಗ ಕೈತುಂಬ ಸಂಪಾದಿಸುತ್ತಿದ್ದ ಬ್ಯಾರಿಸ್ಟರ್. ಅವರ ಗುಮಾಸ್ತರು ಎಷ್ಟೋ ಸಲ ಅವರ ಮನೆಯಲ್ಲೇ ಇರುತ್ತಿದ್ದರು. ಪಾಶ್ಚಾತ್ಯ ಮಾದರಿಯ ಆ ಮನೆಯ ಕೋಣೆಗಳಿಗೆ ನೀರು ಹೋಗುವ ಮೋರಿ ಇರಲಿಲ್ಲ, ರಾತ್ರಿ ಹೊತ್ತಿಗೆ ಮೂತ್ರದ ಪಾತ್ರೆ ಇಡುತ್ತಿದ್ದರು. ಅದನ್ನು ತೊಳೆಯಲು ಆಳಿರಲಿಲ್ಲ. ಹಳಬರು ತಮ್ಮದನ್ನು ತಾವೇ ತೊಳೆಯುತ್ತಿದ್ದರು. ಹೊಸದಾಗಿ ಬಂದ ಒಬ್ಬ ಗುಮಾಸ್ತರದನ್ನು ಗಂಡ ಹೆಂಡತಿಯೇ ತೊಳೆಯಬೇಕಾಯಿತು. ಅವರು ಪಂಚಮ, ಅಂದರೆ ಅಸ್ಪೃಶ್ಯರೆನಿಸಿದ್ದ, ತಂದೆತಾಯಿಗೆ ಹುಟ್ಟಿದ ಕ್ರೈಸ್ತರು. ಕಸ್ತೂರಬಾಗೆ ಅದು ಸಹಿಸದಾಯಿತು. ಗಂಡ ತೊಳೆಯುವುದನ್ನೂ ನೋಡಲಾರರು, ತಾವೂ ತೊಳೆಯಲಾರರು. ಪಾತ್ರೆ ಹಿಡಿದು ಮೆಟ್ಟಿಲಿಳಿದು ಬರುತ್ತಿದ್ದಾಗ ಕಣ್ಣು ಕೆಂಪಾಗಿತ್ತು, ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು. ಮಾಡಿದರೆ ಸಾಲದು, ನಗುನಗುತ್ತಾ ಮಾಡಬೇಕೆಂಬುದು ಗಂಡನ ಹಟ. ಮಾತಿಗೆ ಮಾತು ಬೆಳೆಯಿತು. "ನಿಮ್ಮ ಮನೆ ನೀವೇ ಇಟ್ಟುಕೊಳ್ಳಿ, ನನ್ನನ್ನು ಹೋಗಲು ಬಿಡಿ" ಎಂದರು ಕಸ್ತೂರಬಾ. ಗಾಂಧೀಜಿ ಕೈಹಿಡಿದು ಎಳೆದುಕೊಂಡು ಹೋಗಿ ಗೇಟು ತೆಗೆದರು. ಆಗ ಆಕೆ ಕೇಳಿದ್ದು: ನಾಚಿಕೆಯಾಗುವುದಿಲ್ಲವೇ ನಿಮಗೆ? ಇಲ್ಲಿ ನನಗೆ ತಂದೆತಾಯಿ, ಬಂಧುಬಳಗ ಯಾರಿದ್ದಾರೆ, ಎಲ್ಲಿಗೆ ಹೋಗಲಿ? ಹೆಂಡತಿಯೆಂದ ಮಾತ್ರಕ್ಕೆ ನಿಮ್ಮ ಹೊಡೆತ ಒದೆತ ತಿನ್ನಬೇಕೇ? ಸಾಕು, ಗೇಟು ಮುಚ್ಚಿ, ಯಾರಾದರೂ ನೋಡಿಯಾರು.

ಗೇಟು ಮುಚ್ಚಿತು.

ಈ ಪ್ರಸಂಗವನ್ನು ಮಕ್ಕಳಿಗೆ ಹೇಳಿ, ಅಕ್ಕೋರೆ, ಅರ್ಧ ಮಾತ್ರ ಹೇಳಬೇಡಿ. ಗಂಡ ಕೈಮಾಡಿದ್ದು ತಪ್ಪು. ಜಾತಿಯ ಕಾರಣಕ್ಕೆ ಆ ಪಾತ್ರೆಯನ್ನು ಮುಟ್ಟಲು ಹೇಸಿದ್ದು ಕಸ್ತೂರಬಾ ತಪ್ಪು. ಎರಡೂ ಒಂದೇ ಮೆಟ್ಟಿಲ ಮೇಲೆ ನಡೆದವು. ಗಾಂಧೀಜಿ ತಮ್ಮ ತಪ್ಪನ್ನು ಲೋಕಕ್ಕೆಲ್ಲ ಸಾರಿದರು, ಅಹಿಂಸೆಯ ಪಾಠವನ್ನು ಹೆಂಡತಿಯಿಂದಲೇ ಕಲಿತೆನೆಂದು ಮುಂದೆ ಹೇಳಿದರು. ಇಷ್ಟು ಹೇಳಿದರೆ ಅವರು ಸಣ್ಣವರಾಗುವುದಿಲ್ಲ. ಕಸ್ತೂರಬಾ ಮಾತ್ರ ಜಾತಿಯ ಕಟ್ಟಿನಿಂದ ಒಂದೇ ದಿನದಲ್ಲಿ ಬಿಡಿಸಿಕೊಳ್ಳಲಿಲ್ಲ. 1915ರಲ್ಲಿ ಅಹಮದಾಬಾದಿನ ಆಶ್ರಮಕ್ಕೆ ದೂದಾಭಾಯಿ, ದಾನಿಬೆನ್ ಎಂಬ ಅಸ್ಪೃಶ್ಯ ದಂಪತಿ ಮಗು ಲಕ್ಷ್ಮಿಯೊಂದಿಗೆ ಬಂದಾಗಲೂ ಅವರು ಮುಖ ತಿರುಗಿಸಿದರು. ಅದೇ ಲಕ್ಷ್ಮಿ ಮುಂದೆ ಆಶ್ರಮದ ಮಗಳಾಗಿ ಬೆಳೆದಳು. ಎಷ್ಟೋ ವರ್ಷ ಕಳೆದು, 1938ರಲ್ಲಿ ಒರಿಸ್ಸಾಕ್ಕೆ ಹೋದಾಗ, ಹರಿಜನರಿಗೆ ಬಾಗಿಲು ತೆರೆಯದ ಪುರಿ ಜಗನ್ನಾಥನ ಗುಡಿಯೊಳಗೆ ಕಸ್ತೂರಬಾ ಹೋಗಿ ಬಂದುಬಿಟ್ಟರು. ಗಾಂಧೀಜಿ ತೀರಾ ನೊಂದರು; ಆಕೆ ಕ್ಷಮೆ ಕೇಳಿದರು. ಬಾಲ್ಯದಿಂದ ನಂಬಿ ಬಂದ ದೇವರು ಒಂದು ಕಡೆ, ಬುದ್ಧಿಗೆ ಒಪ್ಪಿದ ನ್ಯಾಯ ಇನ್ನೊಂದು ಕಡೆ. ಈ ಎಳೆದಾಟ ನಮ್ಮ ಮನೆಗಳ ಅಜ್ಜಿಯರಲ್ಲಿ ನಾವೆಲ್ಲ ಕಂಡದ್ದೇ. ಅದಿದ್ದುದರಿಂದಲೇ ಆಕೆ ನನಗೆ ಹತ್ತಿರದವರೆನಿಸುತ್ತಾರೆ.

1901ರ ಒಡವೆಯ ಜಗಳವನ್ನು ನೀವು ಓದಿಯೇ ಇರುತ್ತೀರಿ. ದಕ್ಷಿಣ ಆಫ್ರಿಕಾದಿಂದ ಹೊರಡುವಾಗ ಅಲ್ಲಿನ ಭಾರತೀಯರು ಕೊಟ್ಟ ಉಡುಗೊರೆಗಳನ್ನು ಹಿಂತಿರುಗಿಸಬೇಕೆಂದು ಗಾಂಧೀಜಿ ತೀರ್ಮಾನಿಸಿದರು. ಅದರಲ್ಲಿ ಕಸ್ತೂರಬಾಗೆಂದೇ ಕೊಟ್ಟ 50 ಗಿನಿ ಬೆಲೆಯ ಚಿನ್ನದ ಹಾರವಿತ್ತು. ಅದು ನನ್ನ ಸೇವೆಗೆ ಕೊಟ್ಟದ್ದೇ ಹೊರತು ನಿನ್ನ ಸೇವೆಗಲ್ಲ ಎಂದರು ಗಂಡ. ನೀವು ಮಾಡಿದ ಸೇವೆ ನಾನು ಮಾಡಿದ್ದೂ ಹೌದು, ಹಗಲೂ ರಾತ್ರಿ ನಿಮಗಾಗಿ ದುಡಿದಿದ್ದೇನೆ, ಕಂಡಕಂಡವರನ್ನು ತಂದು ಮನೆಯಲ್ಲಿಟ್ಟು ನನ್ನ ಕಣ್ಣಲ್ಲಿ ನೀರು ಹಾಕಿಸಿದಿರಿ, ಅದು ಸೇವೆಯಲ್ಲವೇ ಎಂದರು ಹೆಂಡತಿ. ಹಾರ ಉಳಿಯಲಿಲ್ಲ. ಆ ಪ್ರಶ್ನೆಗೆ ಇವತ್ತಿಗೂ ಎಷ್ಟೋ ಮನೆಗಳಲ್ಲಿ ಉತ್ತರ ಸಿಕ್ಕಿಲ್ಲ.

ಈಗ ನಿಮ್ಮ ಜೈಲಿನ ಪ್ರಶ್ನೆ. ಗಂಡ ಹೆಂಡತಿ ಆಗ ಮತ್ತೆ ದಕ್ಷಿಣ ಆಫ್ರಿಕಾದಲ್ಲಿದ್ದರು. 1913ರ ಮಾರ್ಚ್ 14ರಂದು ಕೇಪ್ ಪ್ರಾಂತದ ನ್ಯಾಯಮೂರ್ತಿ ಸರ್ಲ್ ಒಂದು ತೀರ್ಪು ಕೊಟ್ಟರು: ಕ್ರೈಸ್ತ ವಿಧಿಯಂತೆ ನಡೆದು ನೋಂದಣಿಯಾದ ಮದುವೆಗಳನ್ನು ಬಿಟ್ಟು ಉಳಿದ ಯಾವ ಮದುವೆಗೂ ಕಾನೂನಿನ ಮಾನ್ಯತೆಯಿಲ್ಲ. ಒಂದೇ ಏಟಿಗೆ ಅಲ್ಲಿನ ಹಿಂದೂ, ಮುಸ್ಲಿಂ, ಪಾರ್ಸಿ ಹೆಂಗಸರೆಲ್ಲ ಕಟ್ಟಿಕೊಂಡ ಹೆಂಡತಿಯರಲ್ಲ ಎಂದಾಯಿತು. ಹೆಂಗಸರೂ ಸತ್ಯಾಗ್ರಹಕ್ಕೆ ಇಳಿಯಬೇಕೆಂದು ಗಾಂಧೀಜಿ ಫೀನಿಕ್ಸ್ ಆಶ್ರಮದಲ್ಲಿ ಉಳಿದವರ ಜೊತೆ ಮಾತಾಡಿದರು. ಹೆಂಡತಿಗೆ ಹೇಳಲಿಲ್ಲ, ತನಗಾಗಿ ಒಪ್ಪಿ ಆಮೇಲೆ ಕೋರ್ಟಿನಲ್ಲಿ ನಡುಗಿದರೆ ಏನು ಗತಿ ಎಂಬ ಅಳುಕು. ಕಸ್ತೂರಬಾ ಆ ಮಾತು ಕೇಳಿಸಿಕೊಂಡು ನೇರವಾಗಿ ಬಂದು ಕೇಳಿದರು: ಜೈಲಿಗೆ ಹೋಗಲು ನನ್ನಲ್ಲೇನು ಕೊರತೆ ಕಂಡಿರಿ? ಜೈಲು ತಾಳಲಾರದೆ ಕ್ಷಮಾಪಣೆ ಬರೆದುಕೊಟ್ಟು ಬಂದರೆ ನನ್ನನ್ನು ಬಿಟ್ಟುಬಿಡಿ. ನೀವು ಸಹಿಸಬಹುದು, ನನ್ನ ಮಕ್ಕಳು ಸಹಿಸಬಹುದು, ನಾನು ಯಾಕೆ ಸಹಿಸಲಾರೆ?

ಸೆಪ್ಟೆಂಬರ್‌ನಲ್ಲಿ ಫೀನಿಕ್ಸ್‌ನಿಂದ ಹದಿನಾರು ಜನ ಹೊರಟರು. ನಾಲ್ವರು ಹೆಂಗಸರು, ಗಂಡಸರಲ್ಲಿ ಮಗ ರಾಮದಾಸನೂ ಇದ್ದ. ಪರವಾನಗಿಯಿಲ್ಲದೆ ಟ್ರಾನ್ಸ್‌ವಾಲ್ ಗಡಿ ದಾಟಿದರು, ವೋಲ್ಕ್ಸ್‌ರಸ್ಟ್‌ನಲ್ಲಿ ಸೆರೆಯಾದರು. ಮೂರು ತಿಂಗಳ ಕಠಿಣ ಸಜೆ. ಆ ಚಳವಳಿಯಲ್ಲಿ ಗಾಂಧೀಜಿ ಸೆರೆಯಾದದ್ದು ನವೆಂಬರ್‌ನಲ್ಲಿ, ಅಂದರೆ ಹೆಂಡತಿ ಜೈಲು ಸೇರಿ ಆರು ವಾರದ ಮೇಲೆ. ಮಾರಿಟ್ಸ್‌ಬರ್ಗ್ ಜೈಲಿನಲ್ಲಿ ಆಕೆಯ ಪಥ್ಯದ ಊಟಕ್ಕೆ ಆಲಿವ್ ಎಣ್ಣೆ ಬೇಕಿತ್ತು. ಮೊದಲು ಕೊಡಲಿಲ್ಲ, ಕೊಟ್ಟದ್ದು ಕಮಟು ಹಿಡಿದದ್ದು. ನನ್ನ ದುಡ್ಡಿನಲ್ಲೇ ತರಿಸಿಕೊಳ್ಳುತ್ತೇನೆಂದರೆ, ಇದು ಹೋಟೆಲಲ್ಲ ಎಂಬ ಉತ್ತರ ಬಂತು. ಡಿಸೆಂಬರ್‌ನಲ್ಲಿ ಹೊರಗೆ ಬಂದಾಗ ಮೂಳೆಯ ಹಂದರವಾಗಿದ್ದರು, ಬದುಕಿದ್ದೇ ಪವಾಡ. ಆದರೆ ಕ್ಷಮಾಪಣೆ ಬರೆದಿರಲಿಲ್ಲ.

ಭಾರತಕ್ಕೆ ಬಂದಮೇಲೂ ಜೈಲು ಬಿಡಲಿಲ್ಲ. 1939ರಲ್ಲಿ, ಎಪ್ಪತ್ತರ ಹೊಸಿಲಲ್ಲಿ, ರಾಜಕೋಟದ ಸತ್ಯಾಗ್ರಹಕ್ಕೆ ಹೋಗಿ ಸೆರೆಯಾದರು. 1942ರ ಆಗಸ್ಟ್ 9ರ ಬೆಳಗಿನ ಜಾವ ಮುಂಬಯಿಯಲ್ಲಿ ಗಾಂಧೀಜಿಯನ್ನು ಹಿಡಿದಾಗ, ಬೇಕಾದರೆ ಜೊತೆಗೆ ಬರುವ ಅವಕಾಶ ಆಕೆಗಿತ್ತು. ಬರಲಿಲ್ಲ. ಸಂಜೆ ಶಿವಾಜಿ ಪಾರ್ಕಿನಲ್ಲಿ ಗಂಡ ಮಾಡಬೇಕಿದ್ದ ಭಾಷಣ ತಾವು ಮಾಡುವುದಾಗಿ ನಿಂತರು, ಹೊರಡುವಾಗ ಪೊಲೀಸರು ಹಿಡಿದರು.

ಒಂದು ಪ್ರಸಂಗ ಮಾತ್ರ ಓದಿದಾಗಲೆಲ್ಲ ನನಗೆ ಸಂಕಟ ತರುತ್ತದೆ. 1929ರಲ್ಲಿ ಯಾರೋ ಕೈಗಿಟ್ಟ ನಾಲ್ಕು ರೂಪಾಯಿಯನ್ನು ಕಸ್ತೂರಬಾ ಆಶ್ರಮದ ಕಚೇರಿಗೆ ಒಪ್ಪಿಸದೆ ಇಟ್ಟುಕೊಂಡರು. ಗಾಂಧೀಜಿ ಅದನ್ನು ತಮ್ಮ ಪತ್ರಿಕೆಯಲ್ಲಿ ಬರೆದರು, ದೇಶವೆಲ್ಲ ಓದಿತು. ಮಕ್ಕಳು ಮೊಮ್ಮಕ್ಕಳಿದ್ದ ಅಜ್ಜಿ. ಸಾರ್ವಜನಿಕ ಹಣದ ವಿಷಯದಲ್ಲಿ ಗಾಂಧೀಜಿಯ ಕಟ್ಟುನಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಅದನ್ನು ಅಚ್ಚುಹಾಕಬಾರದಿತ್ತು. ಪತ್ರಿಕೆ ನಡೆಸುವವನಾಗಿ ಇಷ್ಟನ್ನು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಪುಣೆಯ ಆಗಾ ಖಾನ್ ಅರಮನೆಯ ಸೆರೆಯಲ್ಲಿ ಗಾಂಧೀಜಿ ಆಕೆಗೆ ಪಾಠ ಹೇಳುತ್ತಿದ್ದರು. ಪಂಜಾಬಿನ ನದಿಗಳ ಹೆಸರು ಎಷ್ಟು ಹೇಳಿಕೊಟ್ಟರೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ವಯಸ್ಸು ಎಪ್ಪತ್ನಾಲ್ಕು, ಹೃದಯ ಸೋತಿತ್ತು. 1944ರ ಫೆಬ್ರವರಿ 22, ಶಿವರಾತ್ರಿಯ ಸಂಜೆ, ಗಂಡನ ತೊಡೆಯ ಮೇಲೆ ತಲೆಯಿಟ್ಟು ಹೋದರು. ಗಾಂಧೀಜಿ ನೂತ ನೂಲಿನ ಸೀರೆ ಉಡಿಸಿ ಅರಮನೆಯ ಅಂಗಳದಲ್ಲೇ ಸಂಸ್ಕಾರ ಮಾಡಿದರು. ಆಗಲೂ ಆಕೆ ಕೈದಿಯೇ.

ಮೊಮ್ಮಗಳ ಐದು ನಿಮಿಷಕ್ಕೆ ಇಷ್ಟೆಲ್ಲ ಹಿಡಿಸುವುದಿಲ್ಲ. ಒಂದೇ ಪ್ರಸಂಗ ಆರಿಸಬೇಕೆಂದರೆ ಬಿಹಾರದ ಚಂಪಾರಣ್ಯದ ಭಿತಿಹರವಾ ಹಳ್ಳಿಯದನ್ನು ಆರಿಸಲಿ. 1917ರ ಕೊನೆಗೆ ಅಲ್ಲಿ ಬಿದಿರು ಹುಲ್ಲಿನ ಒಂದು ಶಾಲೆ ಶುರುವಾಯಿತು. ನಡೆಸುತ್ತಿದ್ದವರು ಇಬ್ಬರು: ಕಸ್ತೂರಬಾ, ಮತ್ತು ನಮ್ಮ ಬೆಳಗಾವಿಯ ಗಂಗಾಧರರಾವ್ ದೇಶಪಾಂಡೆ ಕಳಿಸಿಕೊಟ್ಟಿದ್ದ ಬಾಬಾಸಾಹೇಬ ಸೋಮಣ. ಒಂದು ರಾತ್ರಿ ಶಾಲೆಗೆ ಬೆಂಕಿ ಬಿತ್ತು. ನೀಲಿ ತೋಟದ ದೊರೆಗಳ ಮೇಲೆ ಸೋಮಣರಿಗೆ ಅನುಮಾನ. ಹಟ ಹಿಡಿದು ಗಟ್ಟಿ ಕಟ್ಟಡವನ್ನೇ ಕಟ್ಟಿಸಿದರು. ಹತ್ತಿರದ ಇನ್ನೊಂದು ಸಣ್ಣ ಹಳ್ಳಿಯಲ್ಲಿ ಹೆಂಗಸರ ಬಟ್ಟೆ ಕೊಳೆಯಾಗಿರುವುದನ್ನು ಕಂಡ ಗಾಂಧೀಜಿ, ಯಾಕೆ ಒಗೆಯುವುದಿಲ್ಲವೆಂದು ಕೇಳಿ ಬಾ ಎಂದು ಹೆಂಡತಿಯನ್ನು ಕಳಿಸಿದರು. ಒಬ್ಬಾಕೆ ಕಸ್ತೂರಬಾರನ್ನು ಗುಡಿಸಲೊಳಗೆ ಕರೆದೊಯ್ದಳು. ನೋಡಿ, ಇಲ್ಲಿ ಪೆಟ್ಟಿಗೆಯಿಲ್ಲ, ಕಪಾಟಿಲ್ಲ. ಉಟ್ಟ ಸೀರೆಯೊಂದೇ ನನಗಿರುವುದು. ಒಗೆಯುವುದು ಹೇಗೆ? ಇನ್ನೊಂದು ಸೀರೆ ಕೊಡಿಸಲು ಮಹಾತ್ಮರಿಗೆ ಹೇಳಿ, ದಿನಾ ಸ್ನಾನ ಮಾಡಿ ಶುಭ್ರವಾಗಿ ಉಡುತ್ತೇನೆ.

ಆ ಗುಡಿಸಲೊಳಗೆ ನಿಂತು ಈ ಮಾತು ಕೇಳಿಸಿಕೊಂಡವರು ಕಸ್ತೂರಬಾ. ಗಂಡಸರಿಗೆ ಆ ಹಳ್ಳಿಯ ಹೆಂಗಸು ಇದನ್ನು ಹೇಳುತ್ತಿರಲಿಲ್ಲ. ಗಾಂಧೀಜಿಗೂ, ಅವರ ಪುಸ್ತಕಕ್ಕೂ, ನಮಗೂ ಆ ಮಾತು ಬಂದದ್ದು ಕಸ್ತೂರಬಾ ಮುಖಾಂತರ.

ತಿದ್ದುಪಡಿಯನ್ನು ಇದೇ ಸಂಚಿಕೆಯ ಮೂರನೇ ಪುಟದಲ್ಲಿ ಹಾಕಿದ್ದೇವೆ. ಮೊಮ್ಮಗಳು ಬರೆದುಕೊಂಡ ಭಾಷಣವನ್ನು ಅವಳ ಕೈಬರಹದಲ್ಲೇ ಕಳಿಸಿಕೊಡಿ. ಮಕ್ಕಳ ಪುಟದಲ್ಲಿ ಜಾಗ ಕಾದಿಟ್ಟಿರುತ್ತೇನೆ.

— ಸಂಪಾದಕ