ಶಾಂಘೈಗೆ ಬರುವ ಮುನ್ನ ಮೊಬೈಲಿನ ಬಗ್ಗೆ ಒಂದು ಮಾತು

ಮುಂದಿನ ತಿಂಗಳು ಕೆಲಸಕ್ಕಾಗಿ ಶಾಂಘೈಗೆ ಬರಲಿರುವ ನೀವು, "ರಾಜಕೀಯದ ಗೊಡವೆಗೆ ಹೋಗದವನಿಗೆ ಅಲ್ಲಿನ ಸರ್ಕಾರದ ಕಣ್ಗಾವಲಿನಿಂದ ಏನು ತೊಂದರೆ?" ಎಂದು ಕೇಳಿದ್ದೀರಿ. ಹದಿನಾಲ್ಕು ವರ್ಷ ಇಲ್ಲಿ ಬಾಳಿದವನಾಗಿ ಹೇಳುತ್ತೇನೆ: ನಿಮಗೆ ತೊಂದರೆ ಆಗದೆಯೂ ಇರಬಹುದು, ಆದರೆ ನೀವಾಡಿದ ಮಾತಿಗೆ ನಿಮ್ಮ ಚೀನೀ ಸ್ನೇಹಿತರು ಬೆಲೆ ತೆರಬೇಕಾದೀತು.

ಮನೆಯವರೊಡನೆ ಮಾತನಾಡುವ ದಾರಿಯನ್ನು ಊರು ಬಿಡುವ ಮೊದಲೇ ಗೊತ್ತುಮಾಡಿಕೊಳ್ಳಿ. ಗೂಗಲ್, ಫೇಸ್‌ಬುಕ್, ವಾಟ್ಸ್‌ಆ್ಯಪ್ ಇಲ್ಲಿ ತೆರೆಯುವುದಿಲ್ಲ; ಇಲ್ಲಿ ಎಲ್ಲರೂ ಬಳಸುವ ಮೆಸೇಜಿಂಗ್ ಆ್ಯಪ್ ವೀಚಾಟ್‌ ಅನ್ನು ಭಾರತ 2020ರ ಜೂನ್‌ನಲ್ಲಿ ನಿಷೇಧಿಸಿತು. ಭಾರತದ ಸಿಮ್ ರೋಮಿಂಗ್‌ನಲ್ಲಿದ್ದರೆ ವಾಟ್ಸ್‌ಆ್ಯಪ್ ತೆರೆಯುತ್ತದೆ, ಮೊದಲ ವಾರಕ್ಕೆ ಅದು ಸಾಕು. ಇಲ್ಲಿನ ಸಿಮ್ ಕೊಳ್ಳುವಾಗ ಮುಖವನ್ನು ಸ್ಕ್ಯಾನ್ ಮಾಡುವ ನಿಯಮ 2019ರ ಡಿಸೆಂಬರ್‌ನಿಂದ ಇದೆ. ಆಮೇಲೆ ತರಕಾರಿಯಿಂದ ರೈಲು ಟಿಕೆಟ್‌ವರೆಗೆ ಎಲ್ಲವೂ ಆ ನಂಬರಿನಿಂದಲೇ ಸಲೀಸಾಗಿ ನಡೆಯುತ್ತದೆ. ಆ ಸಲೀಸುತನ ನಿಜವಾದದ್ದೇ, ಅದಕ್ಕಾಗಿಯೇ ಅದರ ಇನ್ನೊಂದು ಮುಖ ಬೇಗ ಕಾಣುವುದಿಲ್ಲ.

2022ರ ಜೂನ್‌ನಲ್ಲಿ, ಹೆನಾನ್ ಪ್ರಾಂತ್ಯದ ಕೆಲವು ಗ್ರಾಮೀಣ ಬ್ಯಾಂಕುಗಳಲ್ಲಿ ಸಿಕ್ಕಿಕೊಂಡ ತಮ್ಮ ಠೇವಣಿಯನ್ನು ಕೇಳಲು ಝೆಂಗ್‌ಝೌ ನಗರಕ್ಕೆ ಹೊರಟವರ ಮೊಬೈಲಿನಲ್ಲಿ, ಸೋಂಕಿಲ್ಲದಿದ್ದರೂ, ಕೋವಿಡ್ ಕಾಲದ ಆರೋಗ್ಯ ಕೋಡ್ (ಸೋಂಕಿನ ಅಪಾಯವನ್ನು ಬಣ್ಣದಲ್ಲಿ ತೋರಿಸುತ್ತಿದ್ದ ಗುರುತು) ಇದ್ದಕ್ಕಿದ್ದಂತೆ ಕೆಂಪಾಯಿತು. ಕೋಡ್ ಕೆಂಪಾದವರು ರೈಲು ಹತ್ತುವಂತಿರಲಿಲ್ಲ. 1,317 ಠೇವಣಿದಾರರಿಗೆ ಹೀಗೆ ಮಾಡಲಾಗಿತ್ತೆಂದು ಅಲ್ಲಿನ ಅಧಿಕೃತ ತನಿಖೆಯೇ ಒಪ್ಪಿಕೊಂಡಿತು. ಐವರು ಅಧಿಕಾರಿಗಳ ಮೇಲೆ ಕ್ರಮವೂ ಆಯಿತು. ಆ ಠೇವಣಿದಾರರು ಯಾರೂ ರಾಜಕೀಯಕ್ಕೆ ಹೋದವರಲ್ಲ, ತಮ್ಮ ದುಡ್ಡನ್ನು ಕೇಳಿದವರು.

ಅದೇ ವರ್ಷದ ಏಪ್ರಿಲ್‌ನಲ್ಲಿ ಶಾಂಘೈ ನಗರವೆಲ್ಲ ಮನೆಯೊಳಗೆ ಬಂಧಿಯಾಗಿದ್ದಾಗ, ಆಹಾರ ಮತ್ತು ಔಷಧಕ್ಕಾಗಿ ಮೊರೆಯಿಟ್ಟ ಜನರ ಧ್ವನಿಗಳನ್ನು ಜೋಡಿಸಿದ ಕಪ್ಪುಬಿಳುಪಿನ ವಿಡಿಯೋವೊಂದು ಹರಿದಾಡಿತು. ಸೆನ್ಸಾರಿನವರು ಅಳಿಸಿದಂತೆಲ್ಲ ಜನ ಅದನ್ನು ಮತ್ತೆ ಹಾಕಿದರು, ಯಂತ್ರದ ಕಣ್ಣು ತಪ್ಪಿಸಲು ತಲೆಕೆಳಗು ಮಾಡಿಯೂ ಹಾಕಿದರು. ನಮ್ಮ ಮಹಡಿಯ ಹಿರಿಯರೊಬ್ಬರು ಬಾಗಿಲ ಬಳಿ ನಿಂತು, ಫೋನನ್ನು ತಿರುಗಿಸಿ ಹಿಡಿದು ಅದನ್ನು ನನಗೆ ತೋರಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸಂಜೆ 7ರ ಸರ್ಕಾರಿ ವಾರ್ತೆಯನ್ನಷ್ಟೇ ನೋಡುವವರಿಗೆ ಇಂಥದೊಂದು ಇತ್ತೆಂಬುದೇ ತಿಳಿಯುವುದಿಲ್ಲ, ಅಳಿಸುವವರಿಗೆ ಬೇಕಾಗಿರುವುದೂ ಅದೇ.

ಭಾರತೀಯರಾದ ನಿಮಗೆ, 2020ರಲ್ಲಿ ಗಡಿಯ ಗಲ್ವಾನ್ ಕಣಿವೆಯಲ್ಲಿ ಎರಡೂ ದೇಶಗಳ ಸೈನಿಕರ ನಡುವೆ ನಡೆದ ಘರ್ಷಣೆಯ ಬಗ್ಗೆ ಸಹೋದ್ಯೋಗಿಗಳನ್ನು ಕೇಳಬೇಕೆನಿಸೀತು. ಅಲ್ಲಿ ತನ್ನ ನಾಲ್ವರು ಸೈನಿಕರು ಸತ್ತರೆಂದು 2021ರ ಫೆಬ್ರುವರಿಯಲ್ಲಿ ಚೀನಾ ಹೇಳಿದಾಗ, ಆ ಸಂಖ್ಯೆಯನ್ನು ಶಂಕಿಸಿ ಬರೆದ ಬ್ಲಾಗರ್‌ಗೆ ಎಂಟು ತಿಂಗಳ ಜೈಲಾಯಿತು. ಆದ್ದರಿಂದ ದಯವಿಟ್ಟು ಆಫೀಸಿನ ಗ್ರೂಪಿನಲ್ಲಿ ಅಂಥ ಪ್ರಶ್ನೆ ಹಾಕಬೇಡಿ. ನಿಮಗೆ ಹಿಂದಿರುಗಲು ಊರಿದೆ, ಉತ್ತರಿಸಿದವರಿಗೆ ಇದೇ ಊರು. ಮಾತನ್ನು ಅವರೇ ತೆಗೆಯಲಿ. ನಮ್ಮ ಮಹಡಿಯ ಆ ಹಿರಿಯರು ಇಂದಿಗೂ ಮನಬಿಚ್ಚಿ ಮಾತನಾಡಬೇಕೆನಿಸಿದಾಗ ಫೋನನ್ನು ಮನೆಯಲ್ಲಿಟ್ಟು ಬಂದು, ವಾಕಿಂಗ್‌ಗೆ ಬರುತ್ತೀಯಾ ಎಂದು ನನ್ನನ್ನು ಕರೆಯುತ್ತಾರೆ. ನಾನೂ ನನ್ನದನ್ನು ಮೇಜಿನ ಮೇಲಿಟ್ಟು ಹೊರಡುತ್ತೇನೆ.