ಓದುಗರ ಪ್ರಶ್ನೆ, ನಮ್ಮ ಉತ್ತರ: ಜಡ್ಜ್ ಅಳಲೇಬೇಕಾ?

ಪ್ರಶ್ನೆ: ಮೇಡಂ, ನಮ್ಮ ಕಾಲೇಜಿನ ಗ್ಯಾದರಿಂಗ್‌ನಲ್ಲಿ ಟಿವಿ ಡಾನ್ಸ್ ಶೋಗಳನ್ನು ಗೇಲಿ ಮಾಡುವ ಒಂದು ಐಟಂ ಮಾಡಬೇಕು ಅಂತಿದ್ದೇವೆ. ಗಂಡಸರೇ ಫ್ರಾಕು ಹಾಕಿಕೊಂಡು ಯುರೋಪಿನ ಬ್ಯಾಲೆ ನೃತ್ಯ ಕುಣಿದು ನಗಿಸುವ ವಿದೇಶಿ ತಂಡದ ವಿಡಿಯೊ ನೋಡಿ ಈ ಐಡಿಯಾ ಬಂತು. ಆದರೆ ನಮ್ಮ ಸರ್ ಒಬ್ಬರು ಕಲೆಯನ್ನು ಹಂಗಿಸಬಾರದು ಅಂತ ಬೇಡ ಅನ್ನುತ್ತಿದ್ದಾರೆ. ಏನು ಮಾಡೋಣ?
- ಪಿಯು ವಿದ್ಯಾರ್ಥಿನಿ, ಗಂಗಾವತಿ

ಉತ್ತರ: ಮಾಡಿ ತಂಗಿ. ನೀವು ನೋಡಿದ್ದು ಟ್ರಾಕಡೆರೊ ತಂಡ ಇರಬೇಕು. 1974ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾಗಿದ್ದು, ಕುಣಿಯುವವರೆಲ್ಲ ಗಂಡಸರೇ. ರಷ್ಯಾದ ಬ್ಯಾಲೆ ಕಲಾವಿದೆ ಅನ್ನಾ ಪಾವ್ಲೋವಾ ಕುಣಿದು ಹೆಸರಾದ ‘ಸಾಯುವ ಹಂಸ’ ಅಂತ ಒಂದು ಪುಟ್ಟ ನೃತ್ಯವಿದೆ. ಇವರು ಅದನ್ನೇ ಮಾಡುತ್ತಾರೆ, ಆದರೆ ಇವರ ಹಂಸ ಸಾಯುವ ಮೊದಲೇ ಸ್ಟೇಜ್ ತುಂಬ ಪುಕ್ಕ ಉದುರಿಸುತ್ತಾ ಓಡಾಡುತ್ತದೆ, ಥೇಟ್ ಸಂತೆಯಿಂದ ತಪ್ಪಿಸಿಕೊಂಡ ಕೋಳಿ. ಜನ ಬಿದ್ದು ಬಿದ್ದು ನಗುತ್ತಾರೆ. ಈ ಸಲ ವಿಡಿಯೊ ನೋಡುವಾಗ ಮುಖ ಬಿಟ್ಟು ಕಾಲು ನೋಡಿ. ಬೆರಳ ತುದಿಯ ಮೇಲೆ ನಿಂತಿರುತ್ತಾರೆ! ಹಾಗೆ ನಿಲ್ಲಲು ಹಾಕುವ ತುದಿ ಗಟ್ಟಿಯಾದ ಬೂಟನ್ನು ಬ್ಯಾಲೆ ಕಲಿಯುವ ಹುಡುಗಿಯರಿಗೂ ವರ್ಷಗಟ್ಟಲೆ ಪಾಠ ಆದಮೇಲೇ ಕೊಡುವುದು. ಸರಿಯಾಗಿ ಕುಣಿಯಲು ಬಂದವರಿಗಷ್ಟೇ ಹಾಗೆ ತಪ್ಪು ಕುಣಿಯಲು ಬರುತ್ತದೆ.

ನಿಮ್ಮ ಕಡೆ ಇದೇನು ಹೊಸದಾ? ಬಯಲಾಟದಲ್ಲಿ ಮೀಸೆ ತೆಗೆದು ಸ್ತ್ರೀಪಾತ್ರ ಮಾಡಿದವರು ಎಷ್ಟು ಜನ! ತೊಗಲುಗೊಂಬೆಯಾಟದಲ್ಲಿ ರಾಮಾಯಣ ಗಂಭೀರವಾಗಿ ಸಾಗುತ್ತಿರುವಾಗಲೇ ನಗಿಸುವ ಗೊಂಬೆಗಳಾದ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ಜಗಳ ಹಚ್ಚುತ್ತಾರೆ. ರಾಮನ ಮರ್ಯಾದೆ ಏನೂ ಹೋಗಿಲ್ಲ. ನಿಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಿದ್ದು ಇದೇ ಗೊಂಬೆಯಾಟಕ್ಕೆ. ಇದನ್ನು ನಿಮ್ಮ ಸರ್‌ಗೆ ನೆನಪಿಸಿ, ಆದರೆ ಮೆಲ್ಲಗೆ.

ಒಂದೇ ಎಚ್ಚರ: ಕುಣಿಯುವ ಮಕ್ಕಳನ್ನು ಗೇಲಿ ಮಾಡಬೇಡಿ, ಸುತ್ತಲಿನ ಸಂತೆಯನ್ನು ಮಾಡಿ. ಕುಣಿತಕ್ಕೆ ಮೊದಲು ತೋರಿಸುವ ಕಣ್ಣೀರಿನ ಕಥೆ, ಒಂದೇ ಜಿಗಿತ ಮೂರು ಸಲ ಸ್ಲೋಮೋಷನ್‌ನಲ್ಲಿ, ಕುರ್ಚಿ ಮೇಲೆ ಹತ್ತಿ ನಿಲ್ಲುವ ಜಡ್ಜ್, ರಿಸಲ್ಟ್ ಹೇಳುವಷ್ಟರಲ್ಲಿ ಬ್ರೇಕ್. ಒಂದು ಸೀನ್ ನನ್ನ ಕಡೆಯಿಂದ ಫ್ರೀ: ಹುಡುಗಿ ಬಂದು ಭರತನಾಟ್ಯದ ಅಲರಿಪು ಚೆನ್ನಾಗಿ ಮಾಡುತ್ತಾಳೆ, ನಿಜವಾಗಿ ಚೆನ್ನಾಗಿ. ಜಡ್ಜ್ ಕೇಳುತ್ತಾರೆ, “ಮನೆಯಲ್ಲಿ ಏನು ಕಷ್ಟಮ್ಮಾ?” “ಏನಿಲ್ಲ ಸರ್, ಅಪ್ಪಂದು ರೈಸ್‌ಮಿಲ್ಲಿದೆ.” “ಹಾಗಾದರೆ ಸಾರಿ.”

ಅಂದಹಾಗೆ ಗಿಮಿಕ್ಕನ್ನು ಟಿವಿಯವರೇ ಕಂಡುಹಿಡಿದರು ಅಂದುಕೊಳ್ಳಬೇಡಿ. 1895ರ ‘ಸ್ವಾನ್ ಲೇಕ್’ ಬ್ಯಾಲೆಯಲ್ಲಿ ಇಟಲಿಯ ಪಿಯೆರಿನಾ ಲೆನ್ಯಾನಿ ಒಂದೇ ಕಾಲಿನ ಮೇಲೆ 32 ಸುತ್ತು ತಿರುಗಿದರು. ಇವತ್ತಿಗೂ ಕಥೆ ಮರೆತು ಸುತ್ತು ಎಣಿಸುತ್ತಾ ಕೂರುವ ಪ್ರೇಕ್ಷಕರಿದ್ದಾರೆ. ಬ್ಯಾಲೆಯವರು ಡಾನ್ಸ್ ಶೋ ಕಂಡು ನಕ್ಕರೆ ಅರ್ಧ ನಗು ತಮ್ಮ ಮೇಲೇ.

ಪ್ರಶ್ನೆ: ಮಗಳಿಗೆ 9 ವರ್ಷ. ಒಂದು ಆಡಿಷನ್‌ಗೆ ಕರೆದುಕೊಂಡು ಹೋಗಿದ್ದೆ. ಬೆಳಗ್ಗೆಯಿಂದ ಸಂಜೆವರೆಗೆ ಕೂರಿಸಿ, ಒಂದು ನಿಮಿಷ ಕುಣಿಸಿ ಕಳಿಸಿದರು. ಈಗ ಡಾನ್ಸ್ ಕ್ಲಾಸಿಗೇ ಹೋಗಲ್ಲ ಅಂತಾಳೆ. ಸ್ಪರ್ಧೆ ಅಂದರೆ ಹೀಗೇನಾ?
- ತಂದೆ, ಸಿಂಧನೂರು

ಉತ್ತರ: ಎಲ್ಲವೂ ಹೀಗಿಲ್ಲ ಸರ್. ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ 1973ರಿಂದ ಒಂದು ಬ್ಯಾಲೆ ಸ್ಪರ್ಧೆ ನಡೆಯುತ್ತಿದೆ. ಅಲ್ಲಿ ಜಡ್ಜ್‌ಗಳು ಸ್ಟೇಜಿನ ಕುಣಿತವಷ್ಟೇ ಅಲ್ಲ, ದಿನದ ಕ್ಲಾಸಿನಲ್ಲಿ ಮಕ್ಕಳು ಹೇಗೆ ಕಲಿಯುತ್ತಾರೆ ಅನ್ನುವುದಕ್ಕೂ ಅಂಕ ಕೊಡುತ್ತಾರೆ. ಅದೂ 15 ದಾಟಿದವರಿಗೆ, 9 ವರ್ಷದವರಿಗಲ್ಲ. ನಮ್ಮಲ್ಲೂ 2019ರ ಜೂನ್‌ನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ, ವಯಸ್ಸಿಗೆ ತಕ್ಕದ್ದಲ್ಲದ ಸಿನಿಮಾ ಸ್ಟೆಪ್‌ಗಳನ್ನು ಮಕ್ಕಳಿಂದ ಮಾಡಿಸಬೇಡಿ ಅಂತ ಚಾನೆಲ್‌ಗಳಿಗೆ ಹೇಳಬೇಕಾಯಿತು. ಒಂದು ತಿಂಗಳು ಕ್ಲಾಸಿನ ಮಾತೇ ಎತ್ತಬೇಡಿ. ಮನೆಯಲ್ಲಿ ಹಾಡು ಹಾಕಿ, ಸುಮ್ನೆ ನಿಮ್ಮ ಕೆಲಸ ಮಾಡಿಕೊಂಡಿರಿ. ಮೊಬೈಲ್‌ನಲ್ಲಿ ವಿಡಿಯೊ ಮಾಡಲು ಮಾತ್ರ ಹೋಗಬೇಡಿ.

ಪ್ರಶ್ನೆ: ನಮ್ಮ ಮನೆಯವರು ಡಾನ್ಸ್ ಶೋ ನೋಡುತ್ತಾ ಜಡ್ಜ್‌ಗಿಂತ ಜಾಸ್ತಿ ಅಳುತ್ತಾರೆ. ಪರಿಹಾರ?
- ಗೃಹಿಣಿ, ಬಳ್ಳಾರಿ

ಉತ್ತರ: ಬಳ್ಳಾರಿ ಬಿಸಿಲಲ್ವಾ ಅಕ್ಕಾ, ಪ್ರತಿ ಬ್ರೇಕಿಗೂ ಒಂದು ಲೋಟ ಮಜ್ಜಿಗೆ ಕೊಡಿ.