ಬೇಸ್ ಗಿಟಾರಿಗೆ ನೈಲಾನ್ ಸುತ್ತಿನ ತಂತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಚರ್ಚಿನ ಗಾಯನ ತಂಡದಲ್ಲಿಯೂ ಬಿಡುವಾದಾಗ ಸುಗಮ ಸಂಗೀತದ ಕಾರ್ಯಕ್ರಮಗಳಲ್ಲಿಯೂ ನಾಲ್ಕು ತಂತಿಯ, ನುಡಿಯುವ ತಂತಿಯ ಉದ್ದ 34 ಇಂಚಿರುವ ಬೇಸ್ ಗಿಟಾರ್ ನುಡಿಸುತ್ತೇನೆ. ಈಗ ಹಾಕಿರುವುದು 45, 65, 85, 105 ಗೇಜಿನ ರೌಂಡ್‌ವೌಂಡ್ (ದುಂಡು ಲೋಹದ ಎಳೆ ಸುತ್ತಿದ) ತಂತಿಗಳು. ಮಳೆಗಾಲದಲ್ಲಿ ಅವು ಬೇಗನೆ ತುಕ್ಕು ಹಿಡಿಯುತ್ತವೆ. ಕೈ ಜಾರಿಸಿದಾಗ ಬರುವ ಕಿರ್ರೆನ್ನುವ ಸದ್ದು ಮೆಲುದನಿಯ ಹಾಡುಗಳಲ್ಲಿ ಎದ್ದು ಕೇಳುತ್ತದೆ. ಗೆಳೆಯರೊಬ್ಬರು ನೈಲಾನ್ ಟೇಪ್‌ವೌಂಡ್ ಹಾಕಲು ಹೇಳಿದರು. ಆದರೆ ನೈಲಾನ್ ತಂತಿಯ ಸದ್ದು ಪಿಕಪ್‌ಗೆ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗಕ್ಕೆ) ಹಿಡಿಯುವುದಿಲ್ಲವೆಂದು ಅಂಗಡಿಯವರು ಹೇಳುತ್ತಾರೆ. ಯಾರ ಮಾತು ಸರಿ? ಹಾಕುವುದಾದರೆ ವಾದ್ಯದಲ್ಲಿ ಏನೇನು ಬದಲಿಸಬೇಕು? (ಮಂಗಳೂರಿನ ಓದುಗರು)

ಉತ್ತರ: ಗೆಳೆಯರ ಮಾತೇ ಸರಿ. ಅಂಗಡಿಯವರ ಮನಸ್ಸಿನಲ್ಲಿರುವುದು ಪ್ರಾಯಶಃ ಕ್ಲಾಸಿಕಲ್ ಗಿಟಾರಿನ ನೈಲಾನ್ ತಂತಿ. ಅದರ ತೆಳು ತಂತಿಗಳಲ್ಲಿ ಲೋಹವೇ ಇಲ್ಲದ ಕಾರಣ ಅಯಸ್ಕಾಂತದ ಪಿಕಪ್‌ಗೆ ಅವುಗಳ ಕಂಪನ ತಿಳಿಯುವುದಿಲ್ಲ. ಟೇಪ್‌ವೌಂಡ್ ತಂತಿಯ ರಚನೆಯೇ ಬೇರೆ. ನಡುವೆ ಉಕ್ಕಿನ ಎಳೆ, ಅದರ ಸುತ್ತ ಲೋಹದ ತಂತಿಯ ಸುತ್ತುಗಳು, ಎಲ್ಲಕ್ಕಿಂತ ಹೊರಗೆ ಸಾಮಾನ್ಯವಾಗಿ ಕಪ್ಪು ಬಣ್ಣದ, ಚಪ್ಪಟೆಯಾದ ನೈಲಾನ್ ಪಟ್ಟಿ ಇರುತ್ತದೆ. ಬೆರಳಿಗೆ ತಾಗುವುದು ನೈಲಾನ್, ಪಿಕಪ್‌ಗೆ ಕಾಣುವುದು ಒಳಗಿನ ಉಕ್ಕು. ಸದ್ದು ಮೊದಲಿಗಿಂತ ತುಸು ಕಡಿಮೆಯೆನಿಸಿದರೆ ಪಿಕಪ್ಪಿನ ಎರಡು ಬದಿಯ ತಿರುಪುಗಳಿಂದ ಅದನ್ನು ಕೊಂಚ ಮೇಲೆತ್ತಿದರೆ ಸಾಕಾಗುತ್ತದೆ.

ಪಿಕಪ್ಪಿಗಿಂತ ಮುಖ್ಯವಾದದ್ದು, ಮತ್ತು ಈ ತಂತಿಗಳ ಬಗೆಗಿನ ಬಹುಪಾಲು ಗೊಂದಲಗಳ ಮೂಲ, ಪೊಟ್ಟಣದ ಮೇಲಿನ ಗೇಜ್ ಸಂಖ್ಯೆ. 105 ಎಂದರೆ ತಂತಿಯ ವ್ಯಾಸ 0.105 ಇಂಚು ಎಂದಷ್ಟೇ ಅರ್ಥ. ತಂತಿ ಎಷ್ಟು ಬಲವಾಗಿ ಎಳೆಯುತ್ತದೆ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ರೌಂಡ್‌ವೌಂಡ್ ತಂತಿಗಳನ್ನೇ ಬಳಸುವವರಿಗೆ ಇದರಿಂದ ತೊಂದರೆಯಾಗದು, ಏಕೆಂದರೆ ಅಲ್ಲಿ ದಪ್ಪ ಹೆಚ್ಚಿದಂತೆಲ್ಲ ಲೋಹವೂ ತೂಕವೂ ಹೆಚ್ಚುತ್ತವೆ. ವಾದ್ಯದ ಅಳತೆಯನ್ನೂ ಶ್ರುತಿಯನ್ನೂ ಹಾಗೆಯೇ ಉಳಿಸಿಕೊಂಡರೆ ತಂತಿಯ ಎಳೆತವು ಅದರ ಪ್ರತಿ ಇಂಚಿನ ತೂಕಕ್ಕೆ ಅನುಗುಣವಾಗಿರುತ್ತದೆ. ನೈಲಾನಿನ ಸಾಂದ್ರತೆ ಉಕ್ಕಿನ ಸಾಂದ್ರತೆಯ ಸುಮಾರು ಏಳನೆಯ ಒಂದು ಪಾಲು ಮಾತ್ರ. 0.115 ಇಂಚಿನ ಟೇಪ್‌ವೌಂಡ್ ತಂತಿಯೊಂದರಲ್ಲಿ ಎರಡೂ ಬದಿಗೆ ತಲಾ 0.01 ಇಂಚಿನಷ್ಟು ನೈಲಾನ್ ಇದೆಯೆಂದು ಇಟ್ಟುಕೊಂಡರೆ, ಒಳಗಿನ ಲೋಹದ ಭಾಗ 0.095 ಇಂಚು ಮಾತ್ರ; ತಂತಿಯನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಅದರ ವಿಸ್ತೀರ್ಣದಲ್ಲಿ ಮೂರನೆಯ ಒಂದು ಪಾಲು ಹಗುರವಾದ ನೈಲಾನೇ ಆಗಿರುತ್ತದೆ. ಸ್ವೆಟರ್ ತೊಟ್ಟವರು ದಪ್ಪಗೆ ಕಂಡರೂ ತಕ್ಕಡಿಯ ಮುಳ್ಳು ಹೆಚ್ಚೇನೂ ಕದಲುವುದಿಲ್ಲವಷ್ಟೆ. ಆದ್ದರಿಂದ 115ರ ಟೇಪ್‌ವೌಂಡ್ ತಂತಿಯನ್ನು ಕಂಡು ‘ಇಷ್ಟು ದಪ್ಪದ ತಂತಿ ನೆಕ್ಕನ್ನೇ (ವಾದ್ಯದ ಉದ್ದ ಹಿಡಿಯನ್ನೇ) ಬಗ್ಗಿಸೀತು’ ಎಂದು ಹೆದರಬೇಕಾಗಿಲ್ಲ. ಅನೇಕ ಸೆಟ್‌ಗಳಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ.

ಸಾಮಾನ್ಯ ಬೇಸ್ ಗಿಟಾರಿನ ನಾಲ್ಕು ತಂತಿಗಳು ಒಟ್ಟಾಗಿ ಸುಮಾರು 70ರಿಂದ 85 ಕಿಲೋ ಭಾರದಷ್ಟು ಬಲದಿಂದ ನೆಕ್ಕನ್ನು ಮುಂದಕ್ಕೆ ಎಳೆಯುತ್ತಿರುತ್ತವೆ. ನೆಕ್ಕಿನ ಒಳಗಿರುವ ಟ್ರಸ್ ರಾಡ್ ಎಂಬ ಲೋಹದ ಸಲಾಕೆ ಆ ಎಳೆತಕ್ಕೆ ಎದುರಾಗಿ ನಿಂತಿರುತ್ತದೆ. ಕಡಿಮೆ ಎಳೆತದ ತಂತಿ ಹಾಕಿದಾಗ ರಾಡಿನ ಕೈ ಮೇಲಾಗಿ ನೆಕ್ ನೆಟ್ಟಗಾಗುತ್ತದೆ, ಕೆಲವೊಮ್ಮೆ ಹಿಂದಕ್ಕೂ ಬಾಗುತ್ತದೆ. ಮೊದಲ ಕೆಲವು ಫ್ರೆಟ್‌ಗಳಲ್ಲಿ (ನೆಕ್ಕಿನ ಮೇಲಿನ ಅಡ್ಡ ಲೋಹದ ಪಟ್ಟಿಗಳಲ್ಲಿ) ತಂತಿ ಝರ್ರೆಂದು ಬಡಿಯತೊಡಗಿದರೆ ಇದೇ ಕಾರಣವಿರಬಹುದು. ಪರೀಕ್ಷಿಸುವ ಬಗೆ ಸುಲಭ. ಶ್ರುತಿ ಮಾಡಿದ ಮೇಲೆ ದಪ್ಪ ತಂತಿಯನ್ನು ಒಂದನೆಯ ಫ್ರೆಟ್ಟಿನಲ್ಲಿಯೂ ನೆಕ್ ದೇಹಕ್ಕೆ ಸೇರುವಲ್ಲಿಯೂ ಒಟ್ಟಿಗೆ ಒತ್ತಿ ಹಿಡಿದು, ಏಳನೆಯ ಫ್ರೆಟ್ಟಿನ ಬಳಿ ತಂತಿಯ ಅಡಿಯಲ್ಲಿ ಎಷ್ಟು ಜಾಗವಿದೆಯೆಂದು ನೋಡಿ. ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು, ಅಂದರೆ ಸುಮಾರು 0.3 ಮಿಲಿಮೀಟರ್ ಇದ್ದರೆ ಒಳ್ಳೆಯದು. ಜಾಗವೇ ಇಲ್ಲದಿದ್ದರೆ ರಾಡನ್ನು ಅಪ್ರದಕ್ಷಿಣವಾಗಿ ಕಾಲು ಸುತ್ತಿನಷ್ಟು ಮಾತ್ರ ಸಡಿಲಿಸಿ, ಮತ್ತೆ ಶ್ರುತಿ ಮಾಡಿ, ಒಂದು ರಾತ್ರಿ ಬಿಟ್ಟು ನೋಡಿ. ಸಡಿಲವಾದ ತಂತಿ ಹೆಚ್ಚು ಅಗಲವಾಗಿ ಕಂಪಿಸುವುದರಿಂದ ಬ್ರಿಡ್ಜಿನ ಸ್ಯಾಡಲ್‌ಗಳನ್ನು (ಪ್ರತಿ ತಂತಿಯೂ ಕೂರುವ ಸಣ್ಣ ಲೋಹದ ತುಂಡುಗಳನ್ನು) ಸ್ವಲ್ಪ ಎತ್ತರಿಸಬೇಕಾಗಿ ಬರಬಹುದು, ಮೀಟುವ ಕೈಯನ್ನು ಹಗುರಗೊಳಿಸಬೇಕಾಗಿಯೂ ಬರಬಹುದು. ಎರಡನೆಯದು ಕಷ್ಟ, ಆದರೆ ಫಲ ಹೆಚ್ಚು.

ಎಳೆತದ ಚಿಂತೆ ನೆಕ್ಕಿಗೆ ಸೇರಿದ್ದಾದರೆ, ದಪ್ಪದ ಚಿಂತೆ ನಟ್ಟಿಗೆ, ಅಂದರೆ ನೆಕ್ಕಿನ ತಲೆಯ ಬಳಿ ತಂತಿಗಳು ಕೂರುವ ತೋಡುಗಳಿರುವ ಪಟ್ಟಿಗೆ, ಸೇರಿದ್ದು. ರೋಟೊಸೌಂಡ್ ಕಂಪನಿಯ ಪ್ರಸಿದ್ಧ ಟ್ರು ಬೇಸ್ 88 ಸೆಟ್ಟಿನ ಅಳತೆ 65, 75, 100, 115. ನಿಮ್ಮ ವಾದ್ಯದಲ್ಲಿ 45ರ ತೆಳು ತಂತಿಗೆಂದು ಕೊರೆದ ತೋಡಿನಲ್ಲಿ 65ರ ತಂತಿ ಕೂರುವುದೇ ಇಲ್ಲ, ಮೇಲೆಯೇ ನಿಲ್ಲುತ್ತದೆ. ಶ್ರುತಿ ಮಾಡುವಾಗ ‘ಟಿಣ್’ ಎಂದು ಜಿಗಿಯುತ್ತದೆ, ಒಂದನೆಯ ಫ್ರೆಟ್ಟಿನಲ್ಲಿ ಒತ್ತಿದಾಗ ಸ್ವರ ಏರಿಬಿಡುತ್ತದೆ. ಆ ಸೆಟ್ ಬೇಕೇಬೇಕೆಂದರೆ ತಿಳಿದವರಿಂದ ನಟ್ಟಿನ ತೋಡುಗಳನ್ನು ಅಗಲವಾಗಿಸಬೇಕು, ಆಳವಾಗಿಸಬಾರದು. ಮುಂದೆ ರೌಂಡ್‌ವೌಂಡ್‌ಗೆ ಮರಳಬೇಕೆನಿಸಿದಾಗ 45ರ ತಂತಿ ಆ ಅಗಲದಲ್ಲಿ ಅಲ್ಲಾಡುತ್ತದೆಂಬುದನ್ನೂ ನೆನಪಿಡಬೇಕು. ಅದಕ್ಕಾಗಿಯೇ ಮೊದಲ ಬಾರಿ ಹಾಕುವವರಿಗೆ ನನ್ನ ಸಲಹೆ 50, 65, 85, 105ರ ಸೆಟ್. ಡಿ’ಅಡಾರಿಯೊ ಕಂಪನಿಯ ಕಪ್ಪು ನೈಲಾನ್ ಸೆಟ್ ಈ ಅಳತೆಯದು. ನಿಮ್ಮ ಈಗಿನ ತಂತಿಗಳೊಂದಿಗೆ ಹೋಲಿಸಿದರೆ ಮೂರು ತಂತಿಗಳ ಗೇಜ್ ಒಂದೇ ಇದೆ, ಬದಲಾಗುವುದು ತೆಳು ತಂತಿಯೊಂದು ಮಾತ್ರ. ನಟ್ಟಿಗೆ ಅರ ಮುಟ್ಟಿಸದೆಯೇ ಹಲವು ತಿಂಗಳು ನುಡಿಸಿ ನೋಡಿ, ಆಮೇಲೆ ನಿರ್ಧರಿಸಬಹುದು. ತಂತಿ ಹಾಕಿದ ಮೊದಲ ಒಂದೆರಡು ದಿನ ಶ್ರುತಿ ಇಳಿಯುತ್ತಿರುತ್ತದೆ. ಅದು ನಿಂತ ಮೇಲೆ, ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿಯನ್ನು ಸ್ಪರ್ಶಿಸಿ ತೆಗೆದ ಹಾರ್ಮೋನಿಕ್ ಸ್ವರವೂ ಅಲ್ಲಿಯೇ ಒತ್ತಿ ತೆಗೆದ ಸ್ವರವೂ ಒಂದೇ ಆಗುವಂತೆ ಸ್ಯಾಡಲ್‌ಗಳನ್ನು ಸರಿಸಿಕೊಳ್ಳಿ.

ಅಂಗಡಿಗಳಲ್ಲಿ ಹೇಳದ ಇನ್ನೊಂದು ಸಂಗತಿಯಿದೆ. ಲೋಹದ ತಂತಿಗಳು ಬ್ರಿಡ್ಜಿನ ಮೂಲಕ ವಾದ್ಯದ ಅರ್ಥಿಂಗ್‌ಗೆ ಜೋಡಣೆಯಾಗಿರುವುದರಿಂದ, ಬೆರಳು ತಂತಿಗೆ ತಾಗಿದೊಡನೆ ಆಂಪ್ಲಿಫೈಯರಿನ ಗುಂಯ್‌ಗುಡುವಿಕೆ ಇಳಿದುಹೋಗುತ್ತದೆ. ನೈಲಾನ್ ವಿದ್ಯುತ್ ಹರಿಯಲು ಬಿಡದ ವಸ್ತುವಾದ್ದರಿಂದ ಟೇಪ್‌ವೌಂಡ್ ಹಾಕಿದ ಮೇಲೆ ಹಾಗಾಗುವುದಿಲ್ಲ. ಹೊಸ ತಂತಿ ಹಾಕಿದ ದಿನವೇ ‘ವಾದ್ಯ ಕೆಟ್ಟಿದೆ’ ಎಂದು ರಿಪೇರಿಗೆ ಒಯ್ಯುವವರಿದ್ದಾರೆ. ಬ್ರಿಡ್ಜನ್ನೋ ಟ್ಯೂನಿಂಗ್ ಕೀಯನ್ನೋ ಮುಟ್ಟಿದಾಗ ಗುಂಯ್‌ಗುಡುವಿಕೆ ನಿಂತರೆ ವಾದ್ಯದಲ್ಲಿ ಹೊಸ ದೋಷವೇನೂ ಇಲ್ಲವೆಂದು ತಿಳಿಯಿರಿ. ಮೀಟುವ ಕೈಯ ಅಂಚು ಬ್ರಿಡ್ಜಿಗೆ ತಾಗಿರುವಂತೆ ಇಟ್ಟುಕೊಳ್ಳುವುದು ಒಂದು ಉಪಾಯ. ಒಳಭಾಗಕ್ಕೆ ತಾಮ್ರದ ಹಾಳೆ ಅಂಟಿಸಿ ರಕ್ಷಣೆ ಕೊಡಿಸುವುದು ಇನ್ನೂ ಒಳ್ಳೆಯದು. ಶಾಮಿಯಾನದ ಕೆಳಗೆ ಜನರೇಟರ್ ವಿದ್ಯುತ್ತಿನಲ್ಲಿ ನುಡಿಸುವವರು ಮಾತ್ರ ತಂತಿಗೆ ನೈಲಾನ್ ಹೊದಿಕೆಯಿದೆಯೆಂದು ಧೈರ್ಯ ತಂದುಕೊಳ್ಳಬಾರದು. ಬ್ರಿಡ್ಜೂ ಕೀಗಳೂ ಲೋಹದವೇ ಆಗಿರುವುದರಿಂದ ಅರ್ಥಿಂಗ್ ಸರಿಯಿಲ್ಲದ ಕಡೆ ಶಾಕ್ ಹೊಡೆಯುವ ಅಪಾಯ ಹಾಗೆಯೇ ಇರುತ್ತದೆ.

ಇನ್ನು ನಾದದ ಮಾತು. ಕಿರ್ರೆನ್ನುವ ಸದ್ದು ಬಹುಮಟ್ಟಿಗೆ ಹೋಗುತ್ತದೆ, ಮೀಟಿನ ಮೊನೆ ಮೃದುವಾಗುತ್ತದೆ, ಮೇಲಿನ ಝಲಕು ಕಡಿಮೆಯಾಗಿ ತಳದ ಸ್ವರ ದುಂಡಗೆ ಕೇಳುತ್ತದೆ. ಚರ್ಚಿನ ಹಾಡುಗಳಿಗೆ, ಆರ್ಗನ್ ಅಥವಾ ಕೀಬೋರ್ಡಿನ ಜೊತೆಗೆ, ಇದು ಬಹಳ ಚೆನ್ನಾಗಿ ಹೊಂದುತ್ತದೆ. ಸುಗಮ ಸಂಗೀತದಲ್ಲಿ ಸ್ವಲ್ಪ ಎಚ್ಚರಿಕೆ ಬೇಕು. ತಬಲಾದ ಎಡಗೈ ಡಗ್ಗಾವೂ ನಿಮ್ಮ ವಾದ್ಯವೂ ಒಂದೇ ತಗ್ಗಿನ ಜಾಗದಲ್ಲಿ ಕೆಲಸ ಮಾಡುತ್ತವೆ. ರೌಂಡ್‌ವೌಂಡ್ ತಂತಿಯ ಮೊನೆಯೇ ಅಲ್ಲಿ ಬೇಸನ್ನು ಬೇರೆಯಾಗಿ ಕೇಳಿಸುತ್ತಿತ್ತು. ಧ್ವನಿ ವ್ಯವಸ್ಥೆ ಸಾಧಾರಣವಾಗಿರುವ ಸಭಾಭವನದಲ್ಲಿ ಟೇಪ್‌ವೌಂಡ್ ಬೇಸ್ ಡಗ್ಗಾದೊಳಗೆ ಕರಗಿಹೋಗಬಹುದು. ಆಗ ವಾಲ್ಯೂಮ್ ಏರಿಸಿದರೆ ಗದ್ದಲ ಹೆಚ್ಚುತ್ತದೆಯೇ ಹೊರತು ಸ್ಪಷ್ಟತೆ ಬರುವುದಿಲ್ಲ. ತಳದ ಬೇಸ್ ನಾಬ್ ತಗ್ಗಿಸಿ, ನಡುವಿನ ಮಿಡ್ ಕೊಂಚ ಏರಿಸಿ, ಬ್ರಿಡ್ಜಿನ ಕಡೆಗೆ ಸರಿದು ಮೀಟಿ ನೋಡಿ.

ತುಕ್ಕಿನ ವಿಷಯದಲ್ಲಿ ಲಾಭವಿದೆ. ಬೆವರೂ ಕರಾವಳಿಯ ಉಪ್ಪುಗಾಳಿಯೂ ಲೋಹಕ್ಕೆ ನೇರವಾಗಿ ತಾಗದ ಕಾರಣ ಈ ತಂತಿಗಳು ಹೆಚ್ಚು ಕಾಲ ಬಾಳುತ್ತವೆ. ಸುತ್ತುಗಳ ಸಂದಿನಿಂದ ಒಳಗಿಳಿಯುವ ತೇವವನ್ನು ಯಾರೂ ತಡೆಯಲಾರರು, ಆದ್ದರಿಂದ ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸುವ ಅಭ್ಯಾಸವನ್ನು ಬಿಡಬೇಡಿ.

ಪ್ರಶ್ನೆ: ನನ್ನದು ಫ್ರೆಟ್‌ಲೆಸ್ (ಫ್ರೆಟ್‌ಗಳಿಲ್ಲದ) ಬೇಸ್, ಬೆರಳುಹಲಗೆ ರೋಸ್‌ವುಡ್ಡಿನದು. ರೌಂಡ್‌ವೌಂಡ್ ತಂತಿಗಳು ಮರದ ಮೇಲೆ ಗೆರೆ ಕೊರೆಯುತ್ತಿವೆ. ಫ್ಲಾಟ್‌ವೌಂಡ್ ಹಾಕಲೇ, ಟೇಪ್‌ವೌಂಡ್ ಹಾಕಲೇ? ಟೇಪ್‌ವೌಂಡ್ ಹಾಕಿದರೆ ಡಬಲ್ ಬೇಸಿನ ನಾದ ಬರುತ್ತದೆಂಬುದು ನಿಜವೇ? (ಬೆಂಗಳೂರಿನ ಓದುಗರು)

ಉತ್ತರ: ಅಮೆರಿಕದ ಪ್ರಸಿದ್ಧ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ಫ್ರೆಟ್‌ಲೆಸ್ ವಾದ್ಯದ ಮೇಲೆ ರೋಟೊಸೌಂಡಿನ ರೌಂಡ್‌ವೌಂಡ್ ತಂತಿಗಳನ್ನೇ ನುಡಿಸುತ್ತಿದ್ದರು. ಆದರೆ ಅವರ ಬೆರಳುಹಲಗೆಗೆ ಎಪಾಕ್ಸಿ ಎಂಬ ರಾಳದ ಗಟ್ಟಿ ಲೇಪವಿತ್ತು. ಲೇಪವಿಲ್ಲದ ಮರಕ್ಕೆ ಆ ತಂತಿಗಳು ಅರದಂತೆಯೇ ಕೆಲಸ ಮಾಡುತ್ತವೆ. ಮರ ಉಳಿಸುವ ದೃಷ್ಟಿಯಿಂದ ಫ್ಲಾಟ್‌ವೌಂಡೂ ಟೇಪ್‌ವೌಂಡೂ ಎರಡೂ ಒಳ್ಳೆಯವು, ಅದರಲ್ಲಿ ನೈಲಾನ್ ಇನ್ನೂ ಮೆದು. ಅವೆರಡರ ನಡುವೆ ಆಯ್ಕೆ ಮಾಡುವಾಗ ಎಳೆತವನ್ನೂ ನಿಮ್ಮ ರುಚಿಯನ್ನೂ ನೋಡಬೇಕು. ಉಕ್ಕಿನ ಪಟ್ಟಿ ಸುತ್ತಿದ ಫ್ಲಾಟ್‌ವೌಂಡ್ ಸಾಮಾನ್ಯವಾಗಿ ಬಿಗಿ, ಮೀಟಿದೊಡನೆ ‘ಧಂ’ ಎಂದು ಕಂಬದಂತೆ ನಿಲ್ಲುವ ಸದ್ದು ಅದರದು. ಅಮೆರಿಕದ ಮೋಟೌನ್ ಕಂಪನಿಯ ಧ್ವನಿಮುದ್ರಣಗಳಲ್ಲಿ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಬಳಸುತ್ತಿದ್ದುದು ಲಾ ಬೆಲ್ಲಾ ಕಂಪನಿಯ ದಪ್ಪ ಫ್ಲಾಟ್‌ವೌಂಡ್‌ಗಳನ್ನು. ಟೇಪ್‌ವೌಂಡ್ ಬೆರಳಿನಡಿಯಲ್ಲಿ ಹೆಚ್ಚು ಬಳುಕುತ್ತದೆ, ಸ್ವರವನ್ನು ಜಾರಿಸಿ ಹಾಡಿಸುವವರಿಗೆ ಒಲಿಯುತ್ತದೆ. ಗಮಕದ ರುಚಿಯಿರುವವರಿಗೆ ನಾನು ಹಿಂಜರಿಕೆಯಿಲ್ಲದೆ ಹೇಳುವುದು ಟೇಪ್‌ವೌಂಡನ್ನೇ.

ಡಬಲ್ ಬೇಸಿನ ನಾದದ ಮಾತು ಅರ್ಧ ನಿಜ. ಆ ವಾದ್ಯದ ತಂತಿಯ ಉದ್ದ ಸುಮಾರು 105 ಸೆಂಟಿಮೀಟರ್, ನಿಮ್ಮದು 86. ಅದರ ಟೊಳ್ಳು ದೇಹದ ಮರದ ಹಲಗೆಗಳೂ ಒಳಗಿನ ಗಾಳಿಯೂ ಸೇರಿ ನಾದವನ್ನು ಹೊರಡಿಸುತ್ತವೆ, ನಿಮ್ಮ ಗಟ್ಟಿ ಮರದ ವಾದ್ಯದಲ್ಲಿ ಅದಕ್ಕೆ ಜಾಗವೇ ಇಲ್ಲ. ಅಷ್ಟಿದ್ದರೂ ಬ್ರಿಡ್ಜಿನ ಪಕ್ಕದಲ್ಲಿ ತಂತಿಗಳ ಅಡಿಗೆ ಸ್ಪಂಜಿನ ತುಂಡೊಂದನ್ನು ಸೇರಿಸಿ, ಬೆರಳುಹಲಗೆಯ ತುದಿಯ ಹತ್ತಿರ, ಬೆರಳ ತುದಿಯ ಬದಲು ಅದರ ಪಕ್ಕದ ಮೆತ್ತನೆ ಭಾಗದಿಂದ ಮೀಟಿದರೆ ತಂಡದೊಳಗೆ ಕೇಳುವವರು ವ್ಯತ್ಯಾಸ ಗುರುತಿಸಲು ಕೊಂಚ ಕಷ್ಟಪಡುತ್ತಾರೆ.

ಪ್ರಶ್ನೆ: 30 ಇಂಚಿನ ಚಿಕ್ಕ ಬೇಸ್‌ಗೆ 34 ಇಂಚಿನ ಟೇಪ್‌ವೌಂಡ್ ಸೆಟ್ಟನ್ನು ಕತ್ತರಿಸಿ ಹಾಕಬಹುದೇ? ಪಿಕ್ಕಿನಿಂದ ನುಡಿಸಬಹುದೇ? (ಧಾರವಾಡದ ಓದುಗರು)

ಉತ್ತರ: ಕತ್ತರಿಸಿ ಹಾಕಬೇಡಿ. ತಂತಿಯ ತುದಿಯಲ್ಲಿ ರೇಷ್ಮೆ ನೂಲು ಸುತ್ತಿದ, ತೆಳುವಾದ ಭಾಗವಿರುತ್ತದೆ. ಟ್ಯೂನಿಂಗ್ ಕೀಯ ಕಂಬಕ್ಕೆ ಸುತ್ತಿಕೊಳ್ಳಬೇಕಾದದ್ದು ಆ ಭಾಗ. ಉದ್ದನೆಯ ಸೆಟ್ಟನ್ನು ಚಿಕ್ಕ ವಾದ್ಯಕ್ಕೆ ಹಾಕಿದರೆ ನೈಲಾನ್ ಹೊದಿಕೆಯಿರುವ ಪೂರ್ಣ ದಪ್ಪದ ಭಾಗವೇ ಕಂಬಕ್ಕೆ ಸುತ್ತಿಕೊಂಡು, ಬಾಗಿದಲ್ಲಿ ಪಟ್ಟಿ ಬಿರಿದು, ಬಿಚ್ಚಿಕೊಳ್ಳುತ್ತ ಬರುತ್ತದೆ. ಹಲವು ಕಂಬಗಳ ಸೀಳಿನಲ್ಲಿ ಅಷ್ಟು ದಪ್ಪದ ತಂತಿ ತೂರುವುದೂ ಇಲ್ಲ. ಚಿಕ್ಕ ಅಳತೆಗೆಂದೇ ಮಾಡಿದ ಸೆಟ್ ಕೊಳ್ಳಿ. ಕೊಳ್ಳುವ ಮೊದಲು ಬ್ರಿಡ್ಜಿನಲ್ಲಿ ತಂತಿಯ ಗುಂಡು ಕೂರುವ ಜಾಗದಿಂದ ನಟ್ಟಿನವರೆಗೆ ಟೇಪಿನಿಂದ ಅಳೆದು, ರೇಷ್ಮೆಯ ಸುತ್ತು ನಟ್ಟನ್ನು ದಾಟಿದ ಮೇಲೆಯೇ ಆರಂಭವಾಗುವುದೆಂದು ಖಾತ್ರಿ ಮಾಡಿಕೊಳ್ಳಿ. ಸರಿಯಾದ ಸೆಟ್ಟಿನಲ್ಲಿಯೂ ಹೆಚ್ಚಾದ ತುದಿಯನ್ನು ಕತ್ತರಿಸುವ ಮುನ್ನ ಅಲ್ಲಿ ತಂತಿಯನ್ನು ಇಕ್ಕಳದಿಂದ ಲಂಬವಾಗಿ ಬಾಗಿಸಿ, ಬಾಗಿನ ಆಚೆಗೆ ಕತ್ತರಿಸಬೇಕು. ನೇರ ತಂತಿಯನ್ನು ಹಾಗೆಯೇ ಕತ್ತರಿಸಿದರೆ ಒಳಗಿನ ಸುತ್ತುಗಳು ಸಡಿಲಗೊಂಡು ತಂತಿ ಸತ್ತ ಸದ್ದು ಕೊಡುತ್ತದೆ.

ಪಿಕ್ಕಿನಿಂದ ನುಡಿಸಬಹುದು, ಆದರೆ ಒಂದೇ ಜಾಗದಲ್ಲಿ ಬಲವಾಗಿ ಹೊಡೆಯುವವರ ಕೈಯಲ್ಲಿ ನೈಲಾನ್ ಅಲ್ಲಿಯೇ ಸವೆಯುತ್ತದೆ. ಫೆಲ್ಟಿನ ಮೆತ್ತನೆ ಪಿಕ್ ಸಿಕ್ಕರೆ ಬಳಸಿ. ಸ್ಲ್ಯಾಪ್ ಶೈಲಿಯ (ಹೆಬ್ಬೆರಳಿನಿಂದ ತಂತಿಗೆ ಬಡಿದು ನುಡಿಸುವ ಬಗೆಯ) ಮೋಹವಿದ್ದರೆ ಈ ತಂತಿಗಳ ಗೊಡವೆಗೇ ಹೋಗಬೇಡಿ.

ಪ್ರಶ್ನೆ: ಹಳೆಯ ತಂತಿಗಳನ್ನು ನೀರಿನಲ್ಲಿ ಕುದಿಸಿದರೆ ಹೊಸದರಂತಾಗುತ್ತವೆ ಎನ್ನುತ್ತಾರೆ. ಟೇಪ್‌ವೌಂಡ್‌ಗೂ ಇದು ನಡೆಯುತ್ತದೆಯೇ? ಅವನ್ನು ಯಾವಾಗ ಬದಲಿಸಬೇಕು? (ಹಾಸನದ ಓದುಗರು)

ಉತ್ತರ: ಕುದಿಸುವ ಉಪಾಯ ಹುಟ್ಟಿದ್ದು ರೌಂಡ್‌ವೌಂಡ್‌ಗಾಗಿ. ಅದರ ಸುತ್ತುಗಳ ನಡುವೆ ಕೂತ ಜಿಡ್ಡೂ ಕೊಳೆಯೂ ಬಿಸಿನೀರಿಗೆ ಬಿಟ್ಟುಕೊಂಡು ಸ್ವಲ್ಪ ದಿನ ಝಲಕು ಮರಳುತ್ತದೆ. ಟೇಪ್‌ವೌಂಡಿನಲ್ಲಿ ಮರಳಿಸಬೇಕಾದ ಝಲಕೇ ಇಲ್ಲ. ಮೇಲಾಗಿ ನೈಲಾನ್ ನೀರು ಹೀರುವ ವಸ್ತುವಾದ್ದರಿಂದ ಪಟ್ಟಿಯಡಿಗೆ ನುಗ್ಗಿದ ತೇವ ಒಳಗಿನ ಲೋಹಕ್ಕೆ ಕೇಡು. ಒರೆಸುವುದೊಂದೇ ಸಾಕು. ಮೇಲ್ಮೈ ನಯವಾಗಿ ಹೊಳೆಯತೊಡಗುವುದು ಸಹಜ ಸವೆತ, ಅದಕ್ಕಾಗಿ ಬದಲಿಸಬೇಕಾಗಿಲ್ಲ. ನೈಲಾನಿನ ಸುತ್ತುಗಳ ನಡುವೆ ಲೋಹ ಇಣುಕಿದರೆ, ಬೆರಳಿಗೆ ಅಂಚು ತಡೆದರೆ, ಅಥವಾ ಸ್ಯಾಡಲ್ ಎಷ್ಟು ಸರಿಸಿದರೂ ಹನ್ನೆರಡನೆಯ ಫ್ರೆಟ್ಟಿನ ಎರಡು ಸ್ವರಗಳು ಕೂಡದಿದ್ದರೆ ಆ ತಂತಿಯ ಆಯುಸ್ಸು ಮುಗಿದಿದೆ. ಒಂದೇ ತಂತಿಯನ್ನು ಬದಲಿಸಿದರೆ ಉಳಿದ ಮೂರರೊಂದಿಗೆ ಅದರ ನಾದ ಹೊಂದಲು ಕೆಲವು ವಾರ ಹಿಡಿಯುವುದರಿಂದ, ಕಾರ್ಯಕ್ರಮ ಹತ್ತಿರವಿದ್ದರೆ ಇಡೀ ಸೆಟ್ಟನ್ನೇ ಬದಲಿಸುವುದು ಲೇಸು.